ಮೊದಲ ಮನೆಯ ಕಾಫಿ

ನನ್ನ ಕಾಯಿಲೆಯ ಸಾಕ್ಷಿಯನ್ನು ನಾನು ಈಗಾಗಲೇ ಕೆಲವು ಸಭೆಗಳಲ್ಲಿ ಹೇಳಿದ್ದೇನೆ. ಹೇಳಿದಷ್ಟೂ ಅದು ನಯವಾಗಿದೆ. ಮೊದಲ ಸಲ ನಾನು ತಡವರಿಸಿದ ಜಾಗಗಳೇ ಆಮೇಲೆ ಜನ ಕಣ್ಣೊರೆಸಿಕೊಳ್ಳುವ ಜಾಗಗಳಾದವು. ಸಾಕ್ಷಿ ಎಂದರೆ ಗೊತ್ತಿಲ್ಲದವರಿಗೆ ಒಂದು ಮಾತು: ಆರಾಧನೆಯ ನಡುವೆ ಒಬ್ಬರು ಎದ್ದು ನಿಂತು, ಕಷ್ಟ ಬಂತು, ಪ್ರಾರ್ಥಿಸಿದೆ, ದೇವರು ಕೈಹಿಡಿದ ಎಂದು ಹೇಳುವುದು. ನನ್ನದರಲ್ಲಿ ಕೊನೆಯ ಭಾಗ ಸರಿಯಾಗಿ ಕೂರುವುದಿಲ್ಲ. ನನ್ನ ಕಿಡ್ನಿಗಳು ಗುಣವಾಗಿಲ್ಲ, ಆಗುವುದೂ ಇಲ್ಲ. ಅದಕ್ಕೇ ಕೊನೆಗೆ ಒಂದು ಲೋಟ ಕಾಫಿಯ ಪ್ರಸಂಗ ಹೇಳುತ್ತೇನೆ. ಕೇಳಿದವರೆಲ್ಲ ಅತ್ತಿದ್ದಾರೆ.

ಅದು ನಡೆದದ್ದು ನಾನು ಹೇಳಿದ ಹಾಗಲ್ಲ. ಬಾಯಲ್ಲಿ ಹೇಳುವಾಗ ತಡೆಯುವವರಿರಲಿಲ್ಲ. ಬರೆಯುವಾಗ ನನ್ನ ಹೆಂಡತಿ ಸುಗುಣ ಪಕ್ಕದಲ್ಲಿ ಕೂತಿದ್ದಾಳೆ.

ನಾನು ಹಲಸೂರಿನ ಕಡೆಯ ಒಂದು ಚಿಕ್ಕ ಕನ್ನಡ ಕ್ರೈಸ್ತ ಸಭೆಯ ಪಾಲಕ, ಜನರ ಬಾಯಲ್ಲಿ ಪಾಸ್ಟರ್. ಊರು ಧಾರವಾಡದ ಹತ್ತಿರ, ನೇಕಾರರ ಮನೆತನ. ಪಾದ ಊದಿದ್ದನ್ನು ಮೊದಲು ಕಂಡದ್ದು ಯಾವಾಗ ಎಂಬುದಕ್ಕೆ ನಮ್ಮ ಮನೆಯಲ್ಲಿ ಎರಡು ಪಾಠಾಂತರಗಳಿವೆ. ನನ್ನ ಪ್ರಕಾರ ಒಂದು ಮದುವೆ ಮುಗಿಸಿ ಬಂದು ಶೂ ಬಿಚ್ಚಲಾಗದೆ ಕೂತಾಗ. ಸುಗುಣಳ ಪ್ರಕಾರ ಅದಕ್ಕೂ ಬಹಳ ಮೊದಲು. ಅವಳು ಹೇಳಿದ್ದಳು, ನಾನು ಕೇಳಿಸಿಕೊಂಡಿರಲಿಲ್ಲ. ಅವಳು ನನ್ನ ಕಣಕಾಲಿನ ಮೇಲೆ ಹೆಬ್ಬೆರಳು ಒತ್ತಿ ತೆಗೆದದ್ದು ಮಾತ್ರ ಇಬ್ಬರಿಗೂ ನೆನಪಿದೆ. ಒತ್ತಿದಲ್ಲಿ ಗುಳಿ ಹಾಗೇ ಉಳಿಯಿತು.

"ರೀ, ಇದು ಮೇಲೇಳ್ತಾನೇ ಇಲ್ಲ ನೋಡಿ."

"ನಿಂತು ನಿಂತು ಹಂಗಾಗಿದೆ ಬಿಡು."

"ನಿಂತ್ಕೊಂಡು ಕೆಲಸ ಮಾಡೋರು ಊರಲ್ಲಿ ನೀವೊಬ್ರೇನಾ?"

ಬಾಯಲ್ಲಿ ಸದಾ ಕಬ್ಬಿಣ ನೆಕ್ಕಿದ ರುಚಿ. ಮೈಯೆಲ್ಲ ನವೆ. ಆರಾಧನೆಯಲ್ಲಿ ಪ್ರಸಂಗ ಮಾಡುವಾಗ ವಾಕ್ಯದ ನಡುವೆ ಉಸಿರು ಮುಗಿಯುತ್ತಿತ್ತು. ಸಭೆಯವರು ಅದನ್ನು ಭಾವಾವೇಶ ಅಂದುಕೊಂಡರು. ನಾನೂ ಹಾಗೇ ಅಂದುಕೊಂಡೆ. ರಕ್ತದೊತ್ತಡದ ಮಾತ್ರೆಯನ್ನು ಆರಾಮಾಗಿದ್ದೇನೆ ಎಂದು ನಾನೇ ಬಿಟ್ಟು ಎಷ್ಟೋ ಕಾಲವಾಗಿತ್ತು.

ಆಸ್ಪತ್ರೆಗೆ ಹೋದದ್ದು ಕುತ್ತಿಗೆಗೆ ಬಿಳಿ ಕಾಲರ್ ಹಾಕಿಕೊಂಡೇ. ಅದು ನನ್ನ ತಪ್ಪು. ಹೊರರೋಗಿಗಳ ಸಾಲಿನಲ್ಲಿ ಕೂತಿದ್ದಾಗ ಕೆ.ಆರ್. ಪುರದಿಂದ ಬಂದಿದ್ದ ಒಬ್ಬ ತಾಯಿ ಕಾಲರ್ ನೋಡಿ, ಮಗಳಿಗೆ ಪ್ರಾರ್ಥನೆ ಮಾಡಿ ಎಂದಳು. ಮಾಡಿದೆ. ಅವಳ ಪಕ್ಕದವರು ಕೇಳಿದರು. ಅವರಿಗೂ ಮಾಡಿದೆ. ಕಣ್ಣು ತೆರೆದಾಗ ನನ್ನ ಸರದಿ ದಾಟಿ ಹೋಗಿತ್ತು.

"ಪಾಸ್ಟರ್, ನಿಮ್ಮ ಟೋಕನ್ ಹೋಯ್ತು," ಎಂದಳು ಬಾಗಿಲ ಬಳಿಯ ಹುಡುಗಿ. "ಇನ್ನು ಎಲ್ಲಾರದೂ ಆದ್ಮೇಲೆ."

ಸುಗುಣ ಸಿಟ್ಟು ಮಾಡಲಿಲ್ಲ. ಕೈಚೀಲದಿಂದ ಬ್ರೆಡ್ಡು ತೆಗೆದು ಕೊಟ್ಟು, "ಮುಂದಿನ ಸಲ ಪೇಷೆಂಟಾಗಿ ಬನ್ನಿ," ಎಂದಳು, ಅಷ್ಟೇ.

ಡಾಕ್ಟರು ಎಳೆ ವಯಸ್ಸಿನ ಹೆಣ್ಣುಮಗಳು. ಎರಡೂ ಕಿಡ್ನಿ ಹೆಚ್ಚುಕಡಿಮೆ ನಿಂತಿವೆ, ಇನ್ನು ಸ್ವಲ್ಪ ಕಾಲದಲ್ಲೇ ಡಯಾಲಿಸಿಸ್ ಬೇಕಾಗುತ್ತದೆ ಎಂದು ತಗ್ಗಿದ ದನಿಯಲ್ಲಿ ಹೇಳಿದರು. ಆ ಕ್ಷಣ ನನಗೊಂದು ಕೀರ್ತನೆ ನೆನಪಾಯಿತು ಎಂದು ಸಾಕ್ಷಿಯಲ್ಲಿ ಹೇಳುತ್ತೇನೆ. ನೆನಪಾದದ್ದು ನಾನು ಮಾಡಿಸಬೇಕಿದ್ದ ಶನಿವಾರದ ಮದುವೆ. ಅದನ್ನು ಯಾರು ಮಾಡಿಸುತ್ತಾರೆ ಎಂದು. ಕೀರ್ತನೆ ಬಂದದ್ದು ಆಮೇಲೆ, ಆಟೋದಲ್ಲಿ. ಅದೂ ಸುಗುಣ ಗುನುಗಿದ್ದು.

ದಿನಕ್ಕೆ ಎಷ್ಟು ನೀರು ಕುಡಿಯಬಹುದೆಂದು ತೋರಿಸಲು ಡಾಕ್ಟರು ಮೇಜಿನ ಮೇಲಿದ್ದ ಬಾಟಲಿಯ ಅರ್ಧಕ್ಕಿಂತ ಸ್ವಲ್ಪ ಮೇಲೆ ಬೆರಳಿಟ್ಟರು. "ಕಾಫಿ, ಸಾರು, ಮಜ್ಜಿಗೆ, ಎಲ್ಲಾ ಸೇರಿ ಇಷ್ಟೇ ಪಾಸ್ಟರ್." ಆ ಬೆರಳು ಈಗಲೂ ನನ್ನ ಕಣ್ಣೆದುರಿಗಿದೆ.

ಈ ಸುದ್ದಿಯನ್ನು ನಾನು ಹೇಳಿದ್ದು ಸಭೆಯ ಕಾರ್ಯದರ್ಶಿ ಜಯಶೀಲರಿಗೆ ಮಾತ್ರ. ಕುಕ್ ಟೌನಿನ ಹಳೆಯ ಬಂಗಲೆಯಲ್ಲಿರುವವರು, ಒಳ್ಳೆಯವರು. ಅವರು ಬಹಳ ಹೊತ್ತು ಕನ್ನಡಕ ಒರೆಸಿದರು.

"ಅಯ್ನೋರೇ, ಸದ್ಯಕ್ಕೆ ಯಾರಿಗೂ ಬೇಡ. ಮೇಲಿನೋರಿಗೆ ಗೊತ್ತಾದ್ರೆ ಹುಷಾರಿಲ್ಲ ಅಂತ ನಿಮ್ಮನ್ನ ಎತ್ತಿ ಯಾವುದಾದ್ರೂ ಸಣ್ಣ ಊರಿಗೆ ಹಾಕ್ಬಿಡ್ತಾರೆ. ಅಲ್ಲಿ ಈ ಡಯಾಲಿಸಿಸ್ ಮಿಷನ್ನು ಎಲ್ಲಿ ಸಿಗುತ್ತೆ?"

ಅವರ ಮಾತಿನಲ್ಲಿ ಪ್ರೀತಿಯೇ ಇತ್ತು. ನನಗೂ ಅದೇ ಬೇಕಾಗಿತ್ತು. ಸಭಾಪಾಲಕ ಎಂದರೆ ಕುರುಬ ಎಂದು ನಮಗೆ ಕಲಿಸಿದ್ದಾರೆ. ಕುಂಟುವ ಕುರಿಯನ್ನು ಹೆಗಲ ಮೇಲೆ ಹೊತ್ತುಕೊಂಡ ಕುರುಬನ ಚಿತ್ರ ನಾನು ನಿಲುವಂಗಿ ತೊಡುವ ಕೋಣೆಯಾದ ನಮ್ಮ ವೆಸ್ಟ್ರಿಯ ಗೋಡೆಯ ಮೇಲೂ ಇದೆ. ಕುರುಬನೇ ಕುಂಟುವ ಚಿತ್ರವನ್ನು ನಾನು ಎಲ್ಲೂ ನೋಡಿಲ್ಲ.

ಇನ್ನು ಕಾಫಿಯ ವಿಷಯ. ಶುಕ್ರವಾರ ನಾನು ಮನೆಭೇಟಿಗೆ ಹೋಗುವ ದಿನ. ಮನೆಗೆ ಹೋಗಿ, ವಾಕ್ಯ ಓದಿ, ಪ್ರಾರ್ಥನೆ ಮಾಡಿದರೆ ಭೇಟಿ ಅರ್ಧ ಮಾತ್ರ ಮುಗಿಯುತ್ತದೆ. ಆ ಮನೆಯ ಕಾಫಿ ಕುಡಿದರೆ ಪೂರ್ತಿ. ಕುಡಿಯದೆ ಎದ್ದರೆ ಪ್ರಾರ್ಥನೆ ಮಾಡಿದ್ದೂ ಲೆಕ್ಕಕ್ಕಿಲ್ಲ. ಈಗ ನನ್ನ ಪಾಲಿಗೆ ದಿನಕ್ಕೆ ಒಂದೇ ಕಾಫಿ. ಸುಗುಣ ಉಪಾಯ ಹೇಳಿದಳು: "ಶುಕ್ರವಾರ ಮನೇಲಿ ಕುಡೀಬೇಡಿ. ಆ ಒಂದನ್ನ ಹೊರಗಡೆಗೆ ಇಟ್ಕೊಳ್ಳಿ."

ಇಟ್ಟುಕೊಂಡೆ. ಮೊದಲ ಮನೆಯಲ್ಲೇ ಅದು ಮುಗಿದುಹೋಗುತ್ತಿತ್ತು. ಮೊದಲ ಮನೆ ಜಯಶೀಲರದು. ಅವರ ಹೆಂಡತಿ ಕೇಳುತ್ತಿರಲಿಲ್ಲ, ಕಪ್ಪನ್ನು ನೇರ ಕೈಗೇ ಇಡುತ್ತಿದ್ದರು. ಆಮೇಲಿನ ಮನೆಗಳಲ್ಲೆಲ್ಲ ನಾನು, "ಈಗ ತಾನೇ ಆಯ್ತಮ್ಮ," ಎನ್ನುತ್ತಿದ್ದೆ. ಕೊನೆಯ ಮನೆ ಹಲಸೂರು ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ, ರೂತಮ್ಮನದು.

ರೂತಮ್ಮ ಒಂದು ಶಾಲೆಯಲ್ಲಿ ಆಯಾ ಆಗಿದ್ದು ನಿವೃತ್ತರಾದವರು. ಮಗ ಪ್ರಸಾದನ ಜೊತೆ ಇದ್ದರು. ನಮ್ಮ ಬಲಿಪೀಠದ ಬಿಳಿ ಬಟ್ಟೆಯನ್ನು ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿ ತರುವುದು ಅವರ ಸೇವೆ. ಅವರ ಅತ್ತೆಯ ಕಾಲದಿಂದ ಬಂದದ್ದು. ಅವರ ಹಿರಿಯರು ಬ್ರಿಟಿಷರ ದಂಡಿನ ಕಾಲದಲ್ಲಿ ದೊರೆಗಳ ಬಂಗಲೆಗಳ ಕಕ್ಕಸು ಬಳಿಯುತ್ತಿದ್ದವರು. ನಮ್ಮ ಸಭೆಯಲ್ಲಿ ಈ ಮಾತು ಯಾರೂ ಆಡುವುದಿಲ್ಲ. ಎಲ್ಲರೂ ಜಾತಿ ಬಿಟ್ಟು ಬಂದವರೆಂದು ಹೇಳಿಕೊಳ್ಳುತ್ತೇವೆ. ಮದುವೆಯ ಮಾತು ಬಂದಾಗ ಬಿಟ್ಟದ್ದು ಎಲ್ಲಿದೆಯೆಂದು ಎಲ್ಲರಿಗೂ ಗೊತ್ತಿರುತ್ತದೆ.

ನನಗೆ ಆಗ ಗೊತ್ತಿಲ್ಲದಿದ್ದ ಒಂದು ಸಂಗತಿ ಆ ಓಣಿಯವರಿಗೆಲ್ಲ ಗೊತ್ತಿತ್ತು. ಬಹಳ ಹಿಂದೆ ಇದೇ ಸಭೆಯಲ್ಲಿ ಒಬ್ಬ ಪಾಲಕರಿದ್ದರು. ಆ ಓಣಿಗೆ ಬರುತ್ತಿದ್ದರು, ಕೂರುತ್ತಿದ್ದರು, ಮಕ್ಕಳ ತಲೆ ಸವರುತ್ತಿದ್ದರು, ಕಣ್ಣೀರು ಹಾಕಿ ಪ್ರಾರ್ಥಿಸುತ್ತಿದ್ದರು. ಲೋಟ ಮುಂದಿಟ್ಟರೆ ಮಾತ್ರ, "ಈಗ ತಾನೇ ಆಯ್ತಮ್ಮ," ಎನ್ನುತ್ತಿದ್ದರು. ಪ್ರತಿ ಸಲ. ಪ್ರತಿ ಮನೆಯಲ್ಲಿ.

ಆ ಮೂರು ಪದಗಳನ್ನೇ ನಾನು ವಾರ ವಾರ ಹೋಗಿ ಅಲ್ಲಿ ಇಟ್ಟು ಬರುತ್ತಿದ್ದೆ.

ಒಂದು ಭಾನುವಾರ ಬಲಿಪೀಠದ ಬಟ್ಟೆಯ ಮೇಲೆ ಮಡಿಕೆಯ ಗೆರೆಗಳು ಕಂಡವು. ಯಾರೋ ಬೀರುವಿನಿಂದ ಹಳೆಯದನ್ನು ತೆಗೆದು ಹಾಸಿದ್ದರು. ರೂತಮ್ಮ ಬಂದಿರಲಿಲ್ಲ. ಆಮೇಲೂ ಬರಲಿಲ್ಲ. ನಾನು ಗಮನಿಸಿದೆ, ಆದರೆ ವಿಚಾರಿಸಲಿಲ್ಲ. ಆ ದಿನಗಳಲ್ಲಿ ನನಗೆ ಬೆಳಗಾದರೆ ವಾಂತಿ. ಅಂಗಿಯ ಗುಂಡಿ ಹಾಕಿಕೊಳ್ಳುವುದೇ ಒಂದು ಕೆಲಸ. ಇದನ್ನು ನೆಪವಾಗಿ ಬರೆಯುತ್ತಿದ್ದೇನೋ ಕಾರಣವಾಗಿಯೋ, ಈಗ ಬೇರೆ ಮಾಡಿ ಹೇಳಲಾರೆ.

ಬಚ್ಚಿಟ್ಟದ್ದು ಬಯಲಾದದ್ದು, ಸಭೆಗೆ ರೊಟ್ಟಿ, ದ್ರಾಕ್ಷಾರಸ ಹಂಚುವ ಒಂದು ಪ್ರಭುಭೋಜನದ ಭಾನುವಾರ. ಜನ ಕಡಿಮೆ ಬಂದಿದ್ದರು. ಪಾತ್ರೆಯಲ್ಲಿ ಉಳಿದ ದ್ರಾಕ್ಷಾರಸವನ್ನು ಚೆಲ್ಲುವಂತಿಲ್ಲ, ಪಾಲಕನೇ ಕುಡಿದು ಮುಗಿಸಬೇಕು. ಕುಡಿದೆ. ಅದರಿಂದಲ್ಲ, ಅದಕ್ಕೂ ಮೊದಲೇ ಎದೆಯಲ್ಲಿ ನೀರು ತುಂಬಿತ್ತಂತೆ. ಆಶೀರ್ವಾದಕ್ಕೆ ಕೈಯೆತ್ತಿದೆ, ಉಸಿರು ಬರಲಿಲ್ಲ. ಎತ್ತಿದ ಕೈ ಇಳಿಸದೆ ಮೆಟ್ಟಿಲ ಮೇಲೆ ಕೂತುಬಿಟ್ಟೆನಂತೆ. ಹಾಗೆಂದು ಜನ ಹೇಳುತ್ತಾರೆ. ಸುಗುಣ, "ಕೈಯೆಲ್ಲ ಇಳಿಸಿದ್ರಿ, ಅದು ಆಮೇಲೆ ಕಟ್ಟಿದ್ದು," ಎನ್ನುತ್ತಾಳೆ.

ಅವತ್ತೇ ಡಯಾಲಿಸಿಸ್ ಶುರುವಾಯಿತು. ಜಯಶೀಲರು ಎದ್ದು ಸಭೆಗೆ ಎಲ್ಲವನ್ನೂ ಹೇಳಿದರಂತೆ, ಅವರೂ ಅತ್ತರಂತೆ. ಮರುದಿನದಿಂದ ನಮ್ಮ ಮನೆಗೆ ಎಳನೀರು, ಮೋಸಂಬಿ, ಬಾಳೆಹಣ್ಣು ಬರತೊಡಗಿದವು. ಮೂರೂ ನನ್ನಂಥ ರೋಗಿಗೆ ವಿಷ. ಯಾರಿಗೂ ಗೊತ್ತಿರಲಿಲ್ಲ, ಗೊತ್ತಿರಲು ನಾವು ಯಾವತ್ತು ಹೇಳಿದ್ದೆವು? ಒಂದು ವಾರ ಅಡುಗೆಮನೆಯ ಮೂಲೆಯಲ್ಲಿ ಎಳನೀರಿನ ರಾಶಿ. ಸುಗುಣ ಅದನ್ನು ನೋಡಿ ನಕ್ಕಳು. ಬಹಳ ದಿನಗಳ ಮೇಲೆ ನಕ್ಕಿದ್ದು.

ತನ್ನದೊಂದು ಕಿಡ್ನಿ ಕೊಡುತ್ತೇನೆಂದು ಅವಳು ಹಟ ಹಿಡಿದಿದ್ದಳು. ಪರೀಕ್ಷೆ ಮಾಡಿದಾಗ ಅವಳಿಗೇ ಸಕ್ಕರೆ ಕಾಯಿಲೆ ಇರುವುದು ಗೊತ್ತಾಯಿತು. ವಾಪಸು ಬರುವಾಗ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು, "ನನ್ನದೂ ಕೆಲಸಕ್ಕೆ ಬರಲಿಲ್ಲ ನೋಡಿ," ಎಂದಳು. ಊರವರಿಗೆಲ್ಲ ಸಮಾಧಾನ ಹೇಳುವವನು ನಾನು. ಪಕ್ಕದಲ್ಲಿ ಕೂತೆ. ಸೆಕ್ಯೂರಿಟಿಯವನು ಬಂದು, ಇಲ್ಲಿ ಕೂರಬಾರದು ಎಂದ. ಎದ್ದೆವು.

ಮಂಗಳವಾರ, ಗುರುವಾರ, ಶನಿವಾರ ನನ್ನ ಕುರ್ಚಿ ಶಿವಾಜಿನಗರದ ಹತ್ತಿರದ ಒಂದು ಡಯಾಲಿಸಿಸ್ ಕೇಂದ್ರದಲ್ಲಿ. ಪಕ್ಕದ ಕುರ್ಚಿ ಖಲೀಲ್ ಭಾಯ್ ಅವರದು. ಶಿವಾಜಿನಗರದಲ್ಲೇ ಮಟನ್ ಅಂಗಡಿ. ನಮ್ಮನ್ನು ಮೊದಲು ತೂಕಕ್ಕೆ ನಿಲ್ಲಿಸುತ್ತಾರೆ. ಹಿಂದಿನ ಸಲಕ್ಕಿಂತ ಎಷ್ಟು ಹೆಚ್ಚಿದೆಯೋ ಅಷ್ಟು ನೀರನ್ನು ಮಿಷನ್ನು ಎಳೆಯಬೇಕು.

"ಕ್ಯಾ ಫಾದರ್, ಇವತ್ತು ಎಷ್ಟು ಕೆಜಿ ತಂದ್ರಿ?" ಎನ್ನುತ್ತಿದ್ದರು ಖಲೀಲ್ ಭಾಯ್. "ಜಿಂದಗೀ ಪೂರಾ ನಾನು ತೂಕ ಹಾಕ್ದೋನು. ಈಗ ನನ್ನೇ ತಕ್ಕಡೀಗೆ ಹಾಕ್ತಾರೆ. ಮೂಳೆ ಬೇರೆ ಜಾಸ್ತಿ."

ಫಾದರ್ ಅಲ್ಲ, ನಾವು ಪಾಸ್ಟರ್ ಎಂದು ಒಮ್ಮೆ ತಿದ್ದಿದೆ. "ಪಾಸ್ಟರೇ ಇರ್ಲಿ. ಸೂಜಿಗೆ ಗೊತ್ತಾಗುತ್ತಾ?" ಎಂದರು. ಅವರ ರಂಜಾನ್ ಬಂದಾಗ, ಉಪವಾಸ ಇದ್ದೀರಾ ಎಂದು ಕೇಳಿದೆ. "ಹುಷಾರಿಲ್ದೋರ್ಗೆ ಮಾಫ್ ಇದೆ ಫಾದರ್. ನಿಮ್ಮಲ್ಲಿ ಇಲ್ವಾ?" ಎಂದರು. ಇದೆ ಎಂದೆ. ಪಾಲಕನಿಗೂ ಇದೆಯೋ ಇಲ್ಲವೋ ಎಂದು ನಾನು ಕೇಳಿಕೊಂಡಿರಲಿಲ್ಲ.

ಅದೇ ಕುರ್ಚಿಯ ಪಕ್ಕದ ಸ್ಟೂಲಿನಲ್ಲಿ ಕೂತು ಜಯಶೀಲರು ರೂತಮ್ಮನ ವಿಷಯ ಹೇಳಿದ್ದು. ಅವರು ಆ ಓಣಿಗೆ ಹೋಗಿದ್ದರು. ಪ್ರಸಾದ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿದನಂತೆ. ನಮ್ಮಮ್ಮ ಇನ್ನು ಬರಲ್ಲ, ಅಯ್ನೋರಿಗೆ ನಮ್ಮ ಲೋಟ ಆಗಲ್ಲವಂತಲ್ಲ ಎಂದನಂತೆ.

"ನೀವೇನು ಹೇಳಿದ್ರಿ?" ಎಂದೆ.

"ಕಾಯಿಲೆ ಅಂದೆ. ಆದ್ರೆ ಅಯ್ನೋರೇ," ಎಂದು ಜಯಶೀಲರು ನನ್ನ ತೋಳಿನ ಕೊಳವೆ ನೋಡುತ್ತ ನಿಲ್ಲಿಸಿದರು. "ನೀವು ನಮ್ಮನೇಲಿ ಕುಡಿಯೋದನ್ನ ನನ್ನ ಹೆಂಡ್ತಿ ಮಹಿಳಾಕೂಟದಲ್ಲಿ ರೂತಮ್ಮನ ಎದುರಿಗೇ ಪ್ರತಿ ಸಲ ಹೇಳ್ಕೊಳ್ತಿದ್ಲು. ಪಾಸ್ಟರಿಗೆ ನನ್ನ ಕಾಫೀನೇ ಬೇಕು, ಅಂತ."

ಮುಂದಿನ ಶುಕ್ರವಾರ ನಾನು ಒಬ್ಬನೇ ಹೋದೆ. ಇಲ್ಲಿಂದ ನನ್ನ ಸಾಕ್ಷಿ ಸುಳ್ಳಾಗುತ್ತದೆ. ಸಾಕ್ಷಿಯಲ್ಲಿ ನಾನು ಅಂಗಿಯ ತೋಳು ಮಡಿಸಿ ತೋರಿಸುತ್ತೇನೆ, ರೂತಮ್ಮ ನನ್ನ ಕೈ ಹಿಡಿದು ಅಳುತ್ತಾರೆ, ಒಂದು ಲೋಟ ಕಾಫಿ ಕೊಡುತ್ತಾರೆ, ನಾನು ಆ ದಿನದ ಪಾಲಿನ ನೀರನ್ನೆಲ್ಲ ಬಿಟ್ಟು ಅದನ್ನು ಪೂರ್ತಿ ಕುಡಿಯುತ್ತೇನೆ.

ತೋಳು ಮಡಿಸಿದ್ದು ನಿಜ. ಎಡ ಮುಂಗೈಯಲ್ಲಿ ಡಯಾಲಿಸಿಸ್ಸಿಗೆಂದು ನರ ಕೂಡಿಸಿದ ಕಡೆ ಚರ್ಮದ ಕೆಳಗೆ ಜೇನುಗೂಡಿನ ಹಾಗೆ ಗುಂಯ್ ಎನ್ನುತ್ತಿರುತ್ತದೆ. ರೂತಮ್ಮ ಎರಡು ಬೆರಳಿಟ್ಟು ನೋಡಿದರು. ತಟ್ಟನೆ ತೆಗೆದರು.

"ನೋವಾಗುತ್ತಾ?"

"ಸೂಜಿ ಹಾಕೋವಾಗ. ಆಮೇಲಿಲ್ಲ."

"ಕಾಯಿಲೆ ಅಂತ ಗೊತ್ತಾಯ್ತು ಅಯ್ನೋರೇ. ಪ್ರಸಾದ ಹೇಳ್ದ. ಪ್ರಾರ್ಥನೆನೂ ಮಾಡ್ತಿದ್ದೀನಿ." ಸೆರಗಿನಿಂದ ಬೆರಳು ಒರೆಸಿಕೊಂಡರೇ? ಒರೆಸಿಕೊಂಡರೆಂದು ನನಗೆ ಅನ್ನಿಸುತ್ತದೆ, ಆದರೆ ಅದು ನಾನು ಸೇರಿಸಿದ್ದೂ ಇರಬಹುದು. "ಒಂದು ಕೇಳ್ತೀನಿ. ಜಯಶೀಲ ಅವ್ರ ಮನೇಲಿ ಕುಡಿಯೋವಾಗ ಕಾಯಿಲೆ ಇರ್ಲಿಲ್ವಾ?"

"ಇತ್ತಮ್ಮ. ದಿನಕ್ಕೆ ಒಂದೇ ಅಂತ ಹೇಳಿದ್ರು. ಅವರ ಮನೆ ಮೊದಲು ಸಿಗ್ತಿತ್ತು."

"ನಮ್ಮನೆ ಯಾಕೆ ಮೊದಲು ಸಿಗಲ್ಲ?"

ನಾವಿರುವ ಪಾಲಕರ ಮನೆಯಿಂದ ರೂತಮ್ಮನ ಓಣಿಗೆ ನಡೆದೇ ಹೋಗಬಹುದು. ಕುಕ್ ಟೌನಿಗೆ ಆಟೋ ಬೇಕು. ಹತ್ತಿರದ್ದನ್ನು ಬಿಟ್ಟು ದೂರದಿಂದ ಶುರುಮಾಡಿ, ಸುತ್ತಿ ಬಂದು ಓಣಿಯಲ್ಲಿ ಮುಗಿಸುವ ಕ್ರಮ ನಾನು ಮಾಡಿದ್ದಲ್ಲ. ನನಗೆ ಸಭೆ ಒಪ್ಪಿಸಿದ ಪಾಲಕರು ಹಾಗೆ ಒಪ್ಪಿಸಿದ್ದರು. ಅವರಿಗೆ ಅವರ ಹಿಂದಿನವರು. ಹಿಂದಕ್ಕೆ ಹೋಗುತ್ತ ಹೋದರೆ ಆ ಕಣ್ಣೀರಿನ ಪಾಲಕರು ಸಿಗುತ್ತಾರೋ ಏನೋ. ಕೊನೆಯ ಮನೆಗೆ ಬರುವಷ್ಟರಲ್ಲಿ ಯಾರಿಗಾದರೂ ಕಾಫಿ ಸಾಕಾಗಿರುತ್ತದಲ್ಲ. ಎಷ್ಟು ವರ್ಷ ಆ ದಾರಿಯಲ್ಲಿ ನಡೆದರೂ ನಾನು ಒಮ್ಮೆಯೂ ಅದನ್ನು ತಿರುಗಿಸಿ ನೋಡಿರಲಿಲ್ಲ.

"ತಪ್ಪಾಯ್ತಮ್ಮ," ಎಂದೆ.

ರೂತಮ್ಮ ಬಾಗಿಲ ಕಡೆ ನೋಡುತ್ತ ಮಾತಾಡಿದರು. "ನಿಮ್ಮ ಮನಸ್ಸಲ್ಲಿ ಆ ಯೋಚ್ನೆ ಇರ್ಲಿಲ್ಲ ಅಂತೀರಿ. ಇರ್ಲಿಲ್ಲ ಅಂತಾನೇ ಇಟ್ಕೊಳ್ಳೋಣ. ಆದ್ರೆ ನಾನು ಅಷ್ಟು ದಿನ ಪಟ್ಟಿದ್ದು ಪಟ್ಟಂಗೇ ಅಲ್ವಾ? ಅದನ್ನ ವಾಪಸ್ ತಗೊಳ್ಳಕ್ಕಾಗುತ್ತಾ?"

"ಒಂದು ಲೋಟ ಕಾಫಿ ಕೊಡಿ," ಎಂದೆ. "ಇವತ್ತು ಎಲ್ಲೂ ಕುಡಿದಿಲ್ಲ."

"ಬೇಡ ಬಿಡಿ. ನಿಮಗೆ ಹೆಚ್ಚುಕಮ್ಮಿ ಆದ್ರೆ ನಮ್ಮನೆ ಕಾಫಿಯಿಂದ ಆಯ್ತು ಅಂತಾರೆ."

ಪ್ರಾರ್ಥನೆ ಮಾಡಿ ಎಂದು ಕೇಳಿದರು. ಮಾಡಿದೆ. ಓಣಿಯ ತಿರುವಿನಲ್ಲಿ ಗೋಡೆ ಹಿಡಿದು ನಿಂತೆ. ನಾಲಗೆ ಅಂಗುಳಿಗೆ ಅಂಟಿತ್ತು. ಇಷ್ಟೇ ನಡೆದದ್ದು. ಜನರ ಮುಂದೆ ಇದನ್ನು ಹೇಳಲು ನಿಂತಾಗ ಆ ಲೋಟ ತಾನಾಗಿ ನನ್ನ ಕೈಗೆ ಬಂತು. ಒಮ್ಮೆ ಬಂದ ಮೇಲೆ ಇಳಿಸಲಾಗಲಿಲ್ಲ.

ಆಮೇಲೆ ಭೇಟಿಯ ದಾರಿಯನ್ನು ತಿರುಗಿಸಿದೆವು. ಈಗ ಅದು ಓಣಿಯಿಂದ ಶುರುವಾಗುತ್ತದೆ. ನಾನು ಒಂದೆರಡು ಮನೆಗೆ ಹೋಗುತ್ತೇನೆ, ಮಿಕ್ಕವಕ್ಕೆ ಸಭೆಯ ಹಿರಿಯರು ಹೋಗುತ್ತಾರೆ. ಶನಿವಾರದ ಮದುವೆಗಳನ್ನು ಬೇರೆ ಪಾಲಕರು ಮಾಡಿಸುತ್ತಾರೆ. ನನ್ನ ವರ್ಗಾವಣೆಯ ಮಾತು ಇನ್ನೂ ಮುಗಿದಿಲ್ಲ. ಇದನ್ನು ಓದುತ್ತಿರುವವರಲ್ಲಿ ಸಭಾಪಾಲಕರಿದ್ದರೆ, ಕಾಲು ಊದಿದ್ದರೆ, ಹೇಳಿಬಿಡಿ. ಹೇಳಿದರೆ ಎಳನೀರು ಬರುತ್ತದೆ, ತಡೆದುಕೊಳ್ಳಬಹುದು. ಹೇಳದಿದ್ದರೆ ಜನ ಸುಮ್ಮನಿರುವುದಿಲ್ಲ. ನಿಮ್ಮ ಮೌನಕ್ಕೆ ತಮಗೆ ಮೊದಲೇ ಗೊತ್ತಿರುವ ನೋವಿನ ಅರ್ಥ ಕೊಟ್ಟುಕೊಳ್ಳುತ್ತಾರೆ.

ರೂತಮ್ಮ ಮತ್ತೆ ಸಭೆಗೆ ಬಂದರು. ಬಟ್ಟೆಯ ಗಂಜಿ ಮತ್ತೆ ಗರಿಗರಿಯಾಯಿತು. ಶುಕ್ರವಾರ ನಾನು ಮೊದಲು ಅವರ ಮನೆಗೇ ಹೋಗುತ್ತಿದ್ದೆ. ಕುರ್ಚಿ ಹಾಕುತ್ತಿದ್ದರು, ಮಾತಾಡುತ್ತಿದ್ದರು. ಕಾಫಿ ಕೊಡುತ್ತಿರಲಿಲ್ಲ. ನಾನು ಕೇಳುತ್ತಿರಲಿಲ್ಲ. ಎಂದಾದರೂ ಒಂದು ದಿನ ಅವರಾಗಿಯೇ ಲೋಟ ಮುಂದಿಡುತ್ತಾರೆ ಎಂದು ಕಾಯುತ್ತಿದ್ದೆ. ಕಾಯಿಲೆಯಲ್ಲಿ ಕಾಯುವುದನ್ನು ಕಲಿತಿದ್ದೆನಲ್ಲ.

ಅವರು ಹೋದದ್ದು ಒಂದು ಬುಧವಾರ, ನಿದ್ದೆಯಲ್ಲೇ. ಮಣ್ಣು ಮಾಡುವುದು ಗುರುವಾರ. ನನ್ನ ಕುರ್ಚಿಯ ದಿನ. ಹಿಂದಿನ ಸಲ ನರ ಕೈಕೊಟ್ಟು ಡಯಾಲಿಸಿಸ್ ಅರ್ಧಕ್ಕೇ ನಿಂತಿತ್ತು. ಇನ್ನೊಂದು ದಿನ ಮುಂದೂಡುವಂತಿರಲಿಲ್ಲ. ಜಯಶೀಲರು ಫೋನ್ ಮಾಡಿ, ಪ್ರಸಾದನನ್ನು ಕೇಳಿ ಶುಕ್ರವಾರ ಮಾಡೋಣವೇ ಎಂದರು. ಬೇಡ, ಕಾಯಿಸಬೇಡಿ ಎಂದೆ. ಪಕ್ಕದ ಸಭೆಯ ಪಾಲಕರು ಮಣ್ಣು ಮಾಡಿದರು.

ಅದೇ ಹೊತ್ತಿನಲ್ಲಿ ನಾನು ಮಿಷನ್ನಿನ ಪಕ್ಕ ಮಲಗಿದ್ದೆ. ಖಲೀಲ್ ಭಾಯ್ ಅವತ್ತು ಎಷ್ಟು ಕೆಜಿ ಎಂದು ಕೇಳಲಿಲ್ಲ. "ಯಾರು ಫಾದರ್?" ಎಂದರು. ಹೇಳಿದೆ. ಮೊದಲಿನಿಂದ, ಮೊದಲ ಮನೆ, ಕೊನೆಯ ಮನೆ, ಲೋಟ ಇಲ್ಲದ ಹಾಗೆ, ನಡೆದ ಹಾಗೆ. ಅವರು ಕಣ್ಣು ಮುಚ್ಚಿ ಏನನ್ನೋ ಮೆಲ್ಲಗೆ ಹೇಳಿಕೊಂಡರು.

ಪ್ರಸಾದ ಅಲ್ಲಿಗೆ ಬಂದ. ಅವತ್ತೇ, ಸಮಾಧಿ ತೋಟದಿಂದ ನೇರ ಬಂದ ಎಂದು ನನ್ನ ನೆನಪು. ಮಣ್ಣಿನಿಂದ ಮನೆಗೆ ಹೋಗಿ ಸ್ನಾನ ಮಾಡದೆ ಯಾರೂ ಆಸ್ಪತ್ರೆಗೆ ಬರುವುದಿಲ್ಲ, ಅವನು ಬಂದದ್ದು ಶನಿವಾರ ಎಂದು ಸುಗುಣ ಹೇಳುತ್ತಾಳೆ. ಅವನ ಶೂಗೆ ಕೆಮ್ಮಣ್ಣು ಮೆತ್ತಿತ್ತು. ಅದು ಹಸಿಯಾಗಿತ್ತೋ ಒಣಗಿತ್ತೋ ನೆನಪಾದರೆ ಯಾವ ದಿನವೆಂದು ಹೇಳಬಲ್ಲೆ. ನೆನಪಾಗುತ್ತಿಲ್ಲ.

ಕುರ್ಚಿಯ ಪಕ್ಕ ನಿಂತ. ಅವನ ಕಣ್ಣು ನನ್ನ ತೋಳಿನಿಂದ ಹೊರಟು ಮಿಷನ್ನು ಸುತ್ತಿ ಮತ್ತೆ ತೋಳಿಗೆ ಬರುವ ಕೆಂಪು ಕೊಳವೆಗಳ ಮೇಲಿತ್ತು. ನಾನು ಮಲಗಿಕೊಂಡೇ ಬಲಗೈ ಅವನ ತಲೆಯ ಕಡೆ ಎತ್ತಿದೆ. ಅವನು ಬಗ್ಗಿದ. ಪ್ರಾರ್ಥನೆಯ ಮಾತು ಏನಿತ್ತೋ ತಿಳಿಯದು, ಚಿಕ್ಕದಿತ್ತು.

ಹೊರಡುವಾಗ ಬಾಗಿಲವರೆಗೆ ಹೋದವನು ಹಿಂದಿರುಗಿ ಬಂದ.

"ಶುಕ್ರವಾರ ಬಿಡಬೇಡಿ ಅಯ್ನೋರೇ. ಮೊದಲು ನಮ್ಮನೆಗೇ ಬನ್ನಿ," ಎಂದ. ಮೂಗೊರೆಸಿಕೊಂಡು, ನಗಲು ನೋಡಿದ. "ಕಾಫಿ ಕೊಡಲ್ಲ."